ಬಳ್ಳಾರಿ ಮುಟ್ಟಿ ಬಂದರಷ್ಟೇ ಬಸ್ಸು: ಮೋಕದಿಂದ ಕುರುಗೋಡಿಗೆ ದಾರಿ ಯಾಕೆ ಇಷ್ಟು ಉದ್ದ?

*ನಿಗಮ ಎಣಿಸೋದು ಟಿಕೆಟ್ಟುಗಳನ್ನ, ಜನರ ಪ್ರಯಾಣವನ್ನಲ್ಲ. ಹಾಗಾಗಿ ಹಳ್ಳಿಯಿಂದ ಹಳ್ಳಿಗೆ ಓಡಾಡುವವರು ಲೆಕ್ಕದಲ್ಲೇ ಇಲ್ಲ.*

ಬಳ್ಳಾರಿ ಜಿಲ್ಲೆಯ ನಕ್ಷೆ ತೆಗೆದು ನೋಡಿ. ನಗರದ ಈಶಾನ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹಗರಿ ನದಿಯ ಮಗ್ಗುಲಲ್ಲಿ ಮೋಕ ಇದೆ. ವಾಯವ್ಯಕ್ಕೆ ಸುಮಾರು 28 ಕಿಲೋಮೀಟರ್ ಹೋದರೆ ಕುರುಗೋಡು. ನೇರ ಉತ್ತರಕ್ಕೆ, ತುಂಗಭದ್ರೆಯ ಕಡೆಗೆ ಸಿರುಗುಪ್ಪ. ಮೂರೂ ಊರಿಗೆ ಬಳ್ಳಾರಿಯಿಂದ ರಸ್ತೆ ಇದೆ, ಬಸ್ಸೂ ಇದೆ. ಆದರೆ ಈ ಊರುಗಳ ನಡುವೆ ಅಡ್ಡಡ್ಡಲಾಗಿ ಓಡಾಡಬೇಕು ಅಂದರೆ? ಮೋಕದವರು ಕುರುಗೋಡಿಗೆ ಹೋಗಬೇಕು ಅಂದರೆ?

ನೆಚ್ಚಿಕೊಳ್ಳಬಹುದಾದ ದಾರಿ ಒಂದೇ. ಮೊದಲು ಬಳ್ಳಾರಿಗೆ ಬರಬೇಕು, ಇಳಿಯಬೇಕು, ಕಾಯಬೇಕು, ಮತ್ತೊಂದು ಬಸ್ ಹತ್ತಬೇಕು. ಎರಡೂ ಸೇರಿ ಹತ್ತಿರ ಹತ್ತಿರ 50 ಕಿಲೋಮೀಟರ್. ನಕ್ಷೆಯ ಮೇಲೆ ಮೋಕದಿಂದ ಕುರುಗೋಡಿಗೆ ಗೆರೆ ಎಳೆದರೆ ಅದು ಇದರ ಅರ್ಧದಷ್ಟಿದೆ. ಗೆರೆ ಎಳೆದಂಗೆ ರಸ್ತೆ ಇರೋದಿಲ್ಲ, ಒಪ್ಪೋಣ. ಆದರೂ ಇಷ್ಟು ಹತ್ತಿರದ ಎರಡು ಊರುಗಳ ಮಧ್ಯೆ ಒಂದು ಇಡೀ ನಗರವನ್ನ ದಾಟಿ ಹೋಗಬೇಕಾದ ಸ್ಥಿತಿ ತಾನಾಗೇ ಬಂದದ್ದಲ್ಲ.

ಇದು ಮೋಕದ ಒಂದೇ ಕಥೆಯೂ ಅಲ್ಲ. ಜಿಲ್ಲಾ ಕೇಂದ್ರಗಳ ಸುತ್ತಲಿನ ಹೋಬಳಿ ಊರುಗಳಲ್ಲಿ ಇರುವವರಿಗೆಲ್ಲ ಇದು ಗೊತ್ತಿರೋ ಪಾಡು. ಬಸ್ ವ್ಯವಸ್ಥೆ ಗಾಡಿಚಕ್ರದ ಕೀಲುಗಳ ಥರ ಇದೆ. ಎಲ್ಲಾ ಕೀಲೂ ಗುಂಬದಲ್ಲಿ ಸೇರುತ್ತವೆ. ಆದರೆ ಚಕ್ರಕ್ಕೆ ಇರಬೇಕಾದ ಹಳಿ ಮಾತ್ರ ಇಲ್ಲ.

ಎಲ್ಲಾ ದಾರಿ ಕಚೇರಿಗೇ ಯಾಕೆ?

ಇದಕ್ಕೆ ಚರಿತ್ರೆ ಇದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲಾ ಕೇಂದ್ರವಾಗಿತ್ತು, ದಂಡು ಪ್ರದೇಶವಾಗಿತ್ತು. ಕಲೆಕ್ಟರ್ ಕಚೇರಿ, ಕೋರ್ಟು, ರೈಲು, ಸಂತೆ ಎಲ್ಲಾ ಅಲ್ಲೇ. ರೈತ ಊರಿಂದ ಕೇಂದ್ರಕ್ಕೆ ಬರಬೇಕು ಅನ್ನೋದು ಆಡಳಿತಕ್ಕೆ ಬೇಕಿತ್ತು. ರೈತ ಪಕ್ಕದೂರಿಗೆ ಹೋಗೋದು ಯಾರಿಗೂ ಬೇಕಿರಲಿಲ್ಲ.

1953ರ ಅಕ್ಟೋಬರ್ 1ರಂದು ಇದಕ್ಕೆ ಇನ್ನೊಂದು ಗೆರೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಮೋಕದಂಥ ಊರುಗಳ ಪೂರ್ವಕ್ಕೆ ಒಂದಿಷ್ಟು ದೂರದಲ್ಲೇ ರಾಜ್ಯದ ಗಡಿ ನಿಂತಿತು. ಒಂದು ಕಡೆ ಗಡಿ, ಇನ್ನೊಂದು ಕಡೆ ಜಿಲ್ಲಾ ಕೇಂದ್ರ. ಮೋಕದ ಮುಖ ಬಳ್ಳಾರಿ ಕಡೆಗೇ ತಿರುಗಿತು.

ಆಮೇಲೆ ಆಡಳಿತವನ್ನ ಜನರ ಹತ್ತಿರ ತರ್ತೀವಿ ಅಂತ ಮಾಡಿದ ಬದಲಾವಣೆಗಳೂ ಬಸ್ಸಿನ ನಕ್ಷೆಯನ್ನ ಮುಟ್ಟಲಿಲ್ಲ. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಕುರುಗೋಡೂ ಇತ್ತು, ಕಂಪ್ಲಿಯೂ ಇತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯ್ತು. ಉಳಿದ ಬಳ್ಳಾರಿ ಜಿಲ್ಲೆಗೆ ಐದೇ ತಾಲೂಕು: ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು. ಹೊಸ ಬೋರ್ಡು, ಹೊಸ ಕಚೇರಿ, ಹೊಸ ತಹಶೀಲ್ದಾರರು ಬಂದರು. ಆದರೆ ಒಂದು ತಾಲೂಕಿನ ಹಳ್ಳಿಯಿಂದ ಪಕ್ಕದ ತಾಲೂಕು ಕೇಂದ್ರಕ್ಕೆ ಹೋಗುವ ಬಸ್ಸು ಮಾತ್ರ ಹಳೇ ಜಿಲ್ಲಾ ಕೇಂದ್ರದ ಗೂಟಕ್ಕೇ ಕಟ್ಟಿಕೊಂಡಿದೆ.

ರೈಲಿನ ಮಾತು ಎತ್ತುವಂಗೇ ಇಲ್ಲ. ಸಿರುಗುಪ್ಪಕ್ಕೂ ರೈಲಿಲ್ಲ, ಕುರುಗೋಡಿಗೂ ರೈಲಿಲ್ಲ. ಇಲ್ಲಿ ಸಾರ್ವಜನಿಕ ಸಾರಿಗೆ ಅಂದರೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸು, ಅಷ್ಟೇ. ಬಳ್ಳಾರಿ ಸೀಮೆಯಲ್ಲಿ ಆ ಬಸ್ಸಿಗೆ ಇರುವ ಅಧಿಕಾರ ಕೂಡ ಸಣ್ಣದಲ್ಲ. ಮಾರ್ಗಗಳನ್ನ ಸರ್ಕಾರಿ ಸಂಸ್ಥೆಗೇ ಮೀಸಲಿಡುವ ರಾಷ್ಟ್ರೀಕರಣದಲ್ಲಿ ‘ಬಳ್ಳಾರಿ ಸ್ಕೀಮ್’ ಅಂತ ಹೆಸರಿನ ಒಂದು ಯೋಜನೆಯೇ ಇದೆ. ಖಾಸಗಿ ಬಸ್ಸುಗಳ ದರ್ಬಾರಿಗಿಂತ ಸರ್ಕಾರಿ ಬಸ್ಸು ಎಷ್ಟೋ ವಾಸಿ, ಇದರಲ್ಲಿ ಅನುಮಾನ ಬೇಡ. ಆದರೆ ‘ಈ ರಸ್ತೆ ನನ್ನದು’ ಅನ್ನೋ ಹಕ್ಕಿನ ಜೊತೆಗೆ ‘ಈ ರಸ್ತೆಯ ಜನ ನನ್ನ ಜವಾಬ್ದಾರಿ’ ಅನ್ನೋದೂ ಬರಬೇಕಲ್ಲವಾ?

‘ಬೇಡಿಕೆ ಇಲ್ಲ’ ಅನ್ನೋದು ಹೇಗೆ ಹುಟ್ಟುತ್ತೆ?

ಅಡ್ಡ ಮಾರ್ಗಕ್ಕೆ ಬಸ್ ಬಿಡಿ ಅಂತ ಕೇಳಿದಾಗ ಎಲ್ಲಾ ಊರಲ್ಲೂ ಬರೋ ಉತ್ತರ ಒಂದೇ: ಆ ರೂಟಿನಲ್ಲಿ ಬೇಡಿಕೆ ಇಲ್ಲ, ಕಲೆಕ್ಷನ್ ಆಗಲ್ಲ.

ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಬೇಡಿಕೆಯನ್ನ ಅಳೆಯೋದು ಹೇಗೆ ಅಂತ ನೋಡಿ. ಸಾರಿಗೆ ನಿಗಮಗಳು ಒಂದು ಮಾರ್ಗವನ್ನ ತೂಗೋದು ಮುಖ್ಯವಾಗಿ ಎರಡು ಲೆಕ್ಕದಲ್ಲಿ. ಪ್ರತಿ ಕಿಲೋಮೀಟರಿಗೆ ಎಷ್ಟು ಗಳಿಕೆ, ಸೀಟು ಎಷ್ಟು ಭರ್ತಿ. ಎರಡಕ್ಕೂ ಆಧಾರ ಕಂಡಕ್ಟರ್ ಕೈಲಿರೋ ಮಷೀನಿನಿಂದ ಬರುವ ಟಿಕೆಟ್. ಆ ಟಿಕೆಟ್‌ನಲ್ಲಿ ಇರೋದು ನೀವು ಆ ಬಸ್ಸನ್ನ ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಅನ್ನೋದಷ್ಟೇ. ನೀವು ನಿಜವಾಗಿ ಎಲ್ಲಿಗೆ ಹೊರಟಿದ್ದಿರಿ ಅನ್ನೋದು ಅದರಲ್ಲಿ ಇರಲ್ಲ.

ಮೋಕದಿಂದ ಕುರುಗೋಡಿಗೆ ಹೊರಟ ಹೆಣ್ಣುಮಗಳೊಬ್ಬಳ ಪ್ರಯಾಣ ದಾಖಲೆಯಲ್ಲಿ ಹೇಗೆ ಕಾಣುತ್ತೆ? ಮೋಕ–ಬಳ್ಳಾರಿ ಒಂದು ಟಿಕೆಟ್, ಬಳ್ಳಾರಿ–ಕುರುಗೋಡು ಇನ್ನೊಂದು. ಮೋಕ–ಕುರುಗೋಡು ಅನ್ನೋ ಪ್ರಯಾಣ ಕಾಗದದ ಮೇಲೆ ನಡೆದೇ ಇಲ್ಲ. ಬದಲಿಗೆ, ಬಳ್ಳಾರಿಗೆ ಬರೋರು ಒಬ್ಬರು ಹೆಚ್ಚು, ಬಳ್ಳಾರಿಯಿಂದ ಹೋಗೋರು ಒಬ್ಬರು ಹೆಚ್ಚು ಅಂತ ದಾಖಲಾಗುತ್ತೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಬಳ್ಳಾರಿ ಮಾರ್ಗಕ್ಕೆ ಇನ್ನಷ್ಟು ಟ್ರಿಪ್ ಬೇಕು ಅಂತ ಬರುತ್ತೆ, ಅಡ್ಡ ಮಾರ್ಗಕ್ಕೆ ಸೊನ್ನೆ ಬರುತ್ತೆ. ಬಸ್ ಇಲ್ಲದ್ದಕ್ಕೆ ಜನ ಸುತ್ತಿ ಹೋಗ್ತಾರೆ, ಸುತ್ತಿ ಹೋಗಿದ್ದಕ್ಕೆ ಬಸ್ ಬೇಡ ಅಂತ ತೀರ್ಮಾನ ಆಗುತ್ತೆ.

ಇನ್ನು ಟಂಟಂ ಹತ್ತಿದವರು, ಲಗೇಜ್ ಆಟೋದಲ್ಲಿ ನಿಂತು ಹೋದವರು, ಬೈಕಿಗೆ ಕೈ ಅಡ್ಡ ಹಾಕಿದವರು, ಬಸ್ ಇಲ್ಲ ಅಂತ ಮನೇಲೇ ಉಳಿದವರು ಇವರ್‍ಯಾರಿಗೂ ಟಿಕೆಟ್ಟೇ ಇಲ್ಲ. ಬೇಡಿಕೆ ಇಲ್ಲ ಅಂದರೆ ಅರ್ಥ ಇಷ್ಟೇ: ಇರೋ ಬಸ್ಸಿನಲ್ಲಿ ಇಲ್ಲದ ಬಸ್ಸಿನ ಪ್ರಯಾಣಿಕರು ಕಾಣಿಸಲಿಲ್ಲ.

ಜನಗಣತಿಯಾದರೂ ಇದನ್ನ ಹಿಡಿಯುತ್ತಾ? 2011ರ ಜನಗಣತಿ ಮೊದಲ ಸಲ ಕೆಲಸಕ್ಕೆ ಹೋಗುವ ದೂರ ಮತ್ತು ವಾಹನದ ಬಗ್ಗೆ ವಿವರವಾದ ಪಟ್ಟಿ ಕೊಟ್ಟಿತು. ಆದರೆ ಆ ಪಟ್ಟಿ ‘ಇತರೆ ಕೆಲಸಗಾರರ’ ಬಗ್ಗೆ ಮಾತ್ರ. ಸಾಗುವಳಿದಾರರು, ಕೃಷಿ ಕೂಲಿಕಾರರು ಅದರಿಂದ ಹೊರಗೆ. ಅಂದರೆ ಮೆಣಸಿನಕಾಯಿ ಬಿಡಿಸೋಕೆ, ಹತ್ತಿ ಬಿಡಿಸೋಕೆ, ಭತ್ತದ ನಾಟಿಗೆ ಊರೂರು ತಿರುಗುವ ಈ ಭಾಗದ ಹೆಣ್ಣುಮಕ್ಕಳು ದೇಶದ ಪ್ರಯಾಣದ ಲೆಕ್ಕದಲ್ಲೂ ಇಲ್ಲ. ಈಗ 2027ರ ಜನಗಣತಿ ಬರ್ತಿದೆ. ಆ ಪಟ್ಟಿಗೆ ಕೂಲಿಕಾರರನ್ನೂ ಸೇರಿಸಿ ಅಂತ ಕೇಳೋದಕ್ಕೆ ಇದೇ ಹೊತ್ತು.

ಲೆಕ್ಕಕ್ಕೆ ಸಿಗದವರು ಸುದ್ದಿಗೆ ಸಿಗೋದು ಯಾವಾಗ ಅಂದರೆ, ಅಪಘಾತ ಆದಾಗ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲೂಕಿನ ಕೊಳಗಲ್ಲು ಬಳಿ ಕೂಲಿಗೆ ಹೊರಟಿದ್ದವರ ಆಟೋ ಕಾಲುವೆಗೆ ಬಿದ್ದು ಹೆಣ್ಣುಮಕ್ಕಳು ಜೀವ ಕಳೆದುಕೊಂಡರು. ಪ್ರತಿ ಹೊಲಕ್ಕೂ ಬಸ್ ಬಿಡೋಕಾಗಲ್ಲ, ನಿಜ. ಆದರೆ ಈ ಸೀಮೆಯಲ್ಲಿ ಕೂಲಿಯವರ ಬೆಳಗಿನ ಪ್ರಯಾಣ ಪೂರ್ತಿ ಲಗೇಜ್ ಆಟೋಗಳ ಮೇಲೆ ನಿಂತಿದೆ ಅನ್ನೋದು ಸಾರಿಗೆ ನೀತಿಯ ಪ್ರಶ್ನೆಯೇ.

ಶಕ್ತಿ ಕೊಟ್ಟಿದ್ದು, ಶಕ್ತಿ ಕೊಡದೇ ಉಳಿದದ್ದು

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಈ ರಾಜ್ಯದ ಹೆಣ್ಣುಮಕ್ಕಳ ಓಡಾಟವನ್ನೇ ಬದಲಿಸಿದೆ. 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣಗಳಾದವು. ‘ಬಿಟ್ಟಿ ಬಸ್’ ಅಂತ ಹೀಯಾಳಿಸೋರಿಗೆ ಈ ಸಂಖ್ಯೆಯೇ ಉತ್ತರ.

ಆದರೆ ಶಕ್ತಿ ತೆಗೆದದ್ದು ಟಿಕೆಟ್ಟಿನ ಭಾರ. ಕಾಯುವ ಭಾರ ಹಾಗೇ ಇದೆ. ಸೊನ್ನೆ ರೂಪಾಯಿ ಟಿಕೆಟ್ ಇದ್ದರೂ ಬಳ್ಳಾರಿ ಸುತ್ತಿ ಬರೋ ಹೊತ್ತಿಗೆ ಅರ್ಧ ದಿನದ ಕೂಲಿ ಹೋಗುತ್ತೆ. ಗಂಡಸರಿಗಂತೂ ಅದೂ ಇಲ್ಲ. 2025ರ ಜನವರಿ 5ರಿಂದ ದರ ಶೇ. 15ರಷ್ಟು ಏರಿದೆ, ಬಸ್ ಬದಲಿಸಿದರೆ ಎರಡು ಟಿಕೆಟ್.

ಸರ್ಕಾರ ಗಮನಿಸಬೇಕಾದ ಇನ್ನೊಂದು ಲೆಕ್ಕ ಇದೆ. ಶಕ್ತಿಯ ಟಿಕೆಟ್ ಮೊತ್ತವನ್ನ ನಿಗಮಕ್ಕೆ ತುಂಬಿಕೊಡಬೇಕಾದ್ದು ಸರ್ಕಾರವೇ. ಹೆಣ್ಣುಮಗಳೊಬ್ಬಳನ್ನ ಸುತ್ತಾಡಿಸಿ 50 ಕಿಲೋಮೀಟರ್ ಒಯ್ದರೆ ಅಷ್ಟಕ್ಕೂ ಖಜಾನೆಯೇ ಕೊಡಬೇಕು. ನೇರ ಬಸ್ ಇದ್ದರೆ ಆಕೆಗೂ ಹೊತ್ತು ಉಳಿಯುತ್ತೆ, ಖಜಾನೆಗೂ ದುಡ್ಡು ಉಳಿಯುತ್ತೆ.

ದುಡ್ಡು ಎಲ್ಲಿಂದ ಅನ್ನೋರಿಗೆ

ನಿಗಮದ ಕಷ್ಟ ಸುಳ್ಳಲ್ಲ. 38 ತಿಂಗಳ ವೇತನ ಬಾಕಿ ಕೇಳಿ ನಾಲ್ಕೂ ನಿಗಮಗಳ ನೌಕರರು 2025ರ ಆಗಸ್ಟ್ 5ರಂದು ಮುಷ್ಕರಕ್ಕೆ ಇಳಿದರು. ಡ್ರೈವರ್, ಕಂಡಕ್ಟರುಗಳಿಗೆ ಬಾಕಿ ಉಳಿಸಿಕೊಂಡು ಹೊಸ ಶೆಡ್ಯೂಲ್ ಬಿಡಿ ಅನ್ನೋದು ನ್ಯಾಯವಲ್ಲ. ಅಡ್ಡ ಮಾರ್ಗಗಳು ಮೊದಲ ದಿನದಿಂದ ಲಾಭ ತರಲ್ಲ ಅನ್ನೋದೂ ನಿಜ.

ಆದರೆ ಈ ಭಾಗಕ್ಕೆ ದುಡ್ಡೇ ಇಲ್ಲ ಅನ್ನೋದನ್ನ ಒಪ್ಪೋಕಾಗಲ್ಲ. 371ಜೆ ವಿಶೇಷ ಸ್ಥಾನಮಾನ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಬಜೆಟ್‌ಗಳಲ್ಲಿ ಘೋಷಣೆಯಾಗಿದೆ. ಜಿಲ್ಲಾ ಖನಿಜ ನಿಧಿ ಇದೆ. ಆದರೆ ಇಲ್ಲಿ ಅಭಿವೃದ್ಧಿ ಅಂದರೆ ಕಟ್ಟಡ, ಕಾಂಕ್ರೀಟು, ಶಂಕುಸ್ಥಾಪನೆ. ಇದೇ ಬಳ್ಳಾರಿ ತಾಲೂಕಿನ ಚಾಗನೂರು, ಸಿರಿವಾರದ ಸುತ್ತ ವಿಮಾನ ನಿಲ್ದಾಣಕ್ಕೆ ಅಂತ ರೈತರ ವಿರೋಧದ ನಡುವೆ ನೂರಾರು ಎಕರೆ ನೀರಾವರಿ ಜಮೀನು ತೆಗೆದುಕೊಂಡು ದಶಕವೇ ಕಳೆಯಿತು. ವಿಮಾನಕ್ಕೆ ಜಾಗ ಹುಡುಕುವ ಜಿಲ್ಲೆಗೆ ಹೋಬಳಿಯಿಂದ ಹೋಬಳಿಗೆ ಮಿನಿ ಬಸ್ ಬಿಡೋದು ಕಷ್ಟವಾ?

ಬೇರೆಯವರು ದಾರಿ ಹುಡುಕಿಕೊಂಡಿದ್ದಾರೆ. ಕೇರಳ 2022ರಲ್ಲಿ ‘ಗ್ರಾಮವಂಡಿ’ ಶುರು ಮಾಡಿತು. ಬಸ್ಸು, ಸಿಬ್ಬಂದಿ ಸಾರಿಗೆ ನಿಗಮದ್ದು, ಡೀಸೆಲ್ ಖರ್ಚು ಪಂಚಾಯಿತಿಯದ್ದು, ಮಾರ್ಗ ಪಂಚಾಯಿತಿ ಕೇಳಿದ್ದು. ತಮಿಳುನಾಡು ತನ್ನ ಹಳೇ ಮಿನಿ ಬಸ್ ಯೋಜನೆಯನ್ನ 2025ರಲ್ಲಿ ಹೊಸದಾಗಿ ವಿಸ್ತರಿಸಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಾಂತ್ಯದಲ್ಲಿ ನಿವಾಸಿಗಳು, ಕೆಲಸಗಾರರು, ವಿದ್ಯಾರ್ಥಿಗಳು ಸೇರಿ 300 ಜನರ ವಸತಿ ಇದ್ದರೆ ಅಲ್ಲಿಗೆ ಸಾರಿಗೆ ಕೊಡಬೇಕು ಅನ್ನೋದು ನಿಯಮ. ಅವರಲ್ಲಿ ದುಡ್ಡಿದೆ, ನಮ್ಮಲ್ಲಿಲ್ಲ ಅನ್ನಬಹುದು. ಆದರೆ ಅಲ್ಲಿ ಬಸ್ಸು ಕೇಳುವುದು ಹಕ್ಕು, ಇಲ್ಲಿ ಮನವಿ ಪತ್ರ.

ಈಗ ಏನು ಕೇಳಬೇಕು?

ದೊಡ್ಡ ಯೋಜನೆ ಬೇಡ. ಮೂರು ಸಣ್ಣ ಕೆಲಸ ಸಾಕು.

ಒಂದು, ಬಳ್ಳಾರಿ ನಿಲ್ದಾಣಗಳಲ್ಲಿ ಹದಿನೈದು ದಿನ ಇಳಿದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿ: ‘ಇಲ್ಲಿಂದ ಎಲ್ಲಿಗೆ?’ ಮೋಕ, ಕುರುಗೋಡು, ಸಿರುಗುಪ್ಪ, ಕಂಪ್ಲಿ ನಡುವಿನ ನಿಜವಾದ ಓಡಾಟ ಆಗ ಗೊತ್ತಾಗುತ್ತೆ. ಇದಕ್ಕೆ ಕನ್ಸಲ್ಟೆಂಟ್ ಬೇಡ, ಇಲ್ಲೇ ಇರುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಡ್ತಾರೆ.

ಎರಡು, ಬಸ್ ಬದಲಿಸಿದರೂ ಟಿಕೆಟ್ ಒಂದೇ ಇರಲಿ. ಪ್ರಯಾಣಿಕರಿಗೆ ದುಡ್ಡು ಉಳಿಯುತ್ತೆ, ನಿಗಮಕ್ಕೆ ನಿಜವಾದ ಪ್ರಯಾಣದ ದಾಖಲೆ ಸಿಗುತ್ತೆ.

ಮೂರು, ಮೋಕ–ಕುರುಗೋಡು ನಡುವೆ ದಿನಕ್ಕೆ ಮೂರು ಟ್ರಿಪ್ ಒಂದು ವರ್ಷ ಓಡಿಸಿ. ಬೆಳಗ್ಗೆ ಕೂಲಿ, ಕಾಲೇಜಿನ ಹೊತ್ತಿಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಸಂಜೆಯದು ವಸ್ತಿ ಬಸ್ ಆದರೆ ಬೆಳಗಿನದೂ ತಪ್ಪಲ್ಲ. ಆ ವರ್ಷ ಕಲೆಕ್ಷನ್ ನೋಡಬೇಡಿ, ಟೈಮಿಗೆ ಬಂತಾ ಅಂತ ಮಾತ್ರ ನೋಡಿ. ಜನ ಬಸ್ಸನ್ನ ನಂಬೋಕೆ ಕನಿಷ್ಠ ಅಷ್ಟು ದಿನ ಬೇಕು. ಬಸ್ ಕೊಳ್ಳೋಕೆ ಮಂಡಳಿಯ ದುಡ್ಡು, ಡೀಸೆಲ್‌ಗೆ ಕೇರಳದ ಥರ ಪಂಚಾಯಿತಿಗಳ ಪಾಲು, ಅದಕ್ಕೆ ಸರ್ಕಾರದ ಅನುದಾನ.

ಇದನ್ನೆಲ್ಲ ಕೇಳಬೇಕಾದ ಜಾಗ ಯಾವುದು ಅನ್ನೋದೇ ದೊಡ್ಡ ಪ್ರಶ್ನೆ. ‘ನಮ್ಮೂರಿಗೆ ಬಸ್ ಯಾಕಿಲ್ಲ’ ಅಂತ ಅಧಿಕಾರಿಗಳನ್ನ ನಿಲ್ಲಿಸಿ ಕೇಳ್ತಿದ್ದದ್ದು ತಾಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆ ಚುನಾವಣೆಯೇ ನಡೆಯಲಿಲ್ಲ. ಶಾಸಕರಿಗೆ ಕ್ಷೇತ್ರದ ಗಡಿ, ತಹಶೀಲ್ದಾರರಿಗೆ ತಾಲೂಕಿನ ಗಡಿ. ಎರಡು ತಾಲೂಕಿನ ನಡುವೆ ಓಡಬೇಕಾದ ಬಸ್ಸು ಯಾರ ಹೊಣೆಯೂ ಅಲ್ಲ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಗ್ರಾಮಸಭೆಯಿಂದ. ಮೋಕದ ಗ್ರಾಮಸಭೆಯಲ್ಲೊಂದು, ದಾರಿಯಲ್ಲಿ ಬರುವ ಪ್ರತಿ ಪಂಚಾಯಿತಿಯಲ್ಲೊಂದು ಠರಾವು ಆಗಲಿ. ಹತ್ತು ರೂಪಾಯಿ ಕಟ್ಟಿ, ನಿಗಮದ ಬಳ್ಳಾರಿ ವಿಭಾಗಕ್ಕೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಜಿಲ್ಲಾ ಕೇಂದ್ರ ಮುಟ್ಟದೆ ಓಡುವ ನಿಮ್ಮ ಶೆಡ್ಯೂಲುಗಳು ಎಷ್ಟು? ಅರ್ಜಿ 150 ಪದ ಮೀರದಿರಲಿ, ವಿಷಯ ಒಂದೇ ಇರಲಿ. 30 ದಿನದಲ್ಲಿ ಉತ್ತರ ಬರಬೇಕು. ಆ ಸಂಖ್ಯೆ ಹಿಡಿದುಕೊಂಡು ಜಿಲ್ಲಾಧಿಕಾರಿ ಹತ್ತಿರ ಹೋಗಿ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ಅವರೇ.

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಸುತ್ತಮುತ್ತಲ ಊರಿನವರೆಲ್ಲ ಸೇರ್ತಾರೆ. ಬೀಗತನ, ಕೂಲಿ, ಸಂತೆ, ಕಾಲೇಜು ಅಂತ ಈ ಊರುಗಳ ನಡುವೆ ವರ್ಷವಿಡೀ ಹೋಗಿಬರೋದು ಇದ್ದೇ ಇದೆ. ಜನರ ನಡುವೆ ನಂಟಿದೆ, ರಸ್ತೆಗಳಿವೆ, ಮಂಡಳಿಯ ಹತ್ತಿರ ದುಡ್ಡೂ ಇದೆ. ಇಲ್ಲದಿರೋದು ದಿನಕ್ಕೆ ಮೂರು ಟ್ರಿಪ್. ಅದನ್ನ ಕೊಡೋಕಾಗಲ್ಲ ಅನ್ನೋದಾದರೆ ಯಾಕೆ ಅಂತ ಬರವಣಿಗೆಯಲ್ಲಿ ಹೇಳಲಿ.