ನೊಂದವರ ಕೈಗೆ ಬೀಗದ ಕೈ ಕೊಡಿ

ಶಾಲೆಗೆ ಸೇರಿಸುವ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಕಾಲಂ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಯೋಚನೆಯೇ ಇಲ್ಲದೆ ತುಂಬಿ ಮುಂದಿನ ಸಾಲಿಗೆ ಹೋಗುತ್ತೇವೆ. ಉತ್ತರ ಕರ್ನಾಟಕದ ದೇವದಾಸಿ ತಾಯಂದಿರ ಪೆನ್ನು ದಶಕಗಳ ಕಾಲ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಗುಮಾಸ್ತ ಮತ್ತೊಮ್ಮೆ ಗಟ್ಟಿಯಾಗಿ ಕೇಳುತ್ತಿದ್ದ. ಸಾಲಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ಮಗು ತಾಯಿಯ ಮುಖ ನೋಡುತ್ತಿತ್ತು. ಜಾತಿ ಪ್ರಮಾಣಪತ್ರಕ್ಕೆ ಹೋದಾಗ, ವಿದ್ಯಾರ್ಥಿವೇತನಕ್ಕೆ ಹೋದಾಗ ಮತ್ತೆ ಅದೇ ಕಾಲಂ, ಮತ್ತೆ ಅದೇ ನೋಟ.

ಈ ಹೆಣ್ಣುಮಕ್ಕಳ ಪುನರ್ವಸತಿಗೆಂದು ದಶಕಗಳ ಕಾಲ ಸರ್ಕಾರದ ಹಣ, ದಾನಿಗಳ ಹಣ ಹರಿದಿದೆ. ಹೊಲಿಗೆ ಯಂತ್ರ ಬಂತು, ಸಾಲ ಬಂತು, ಅರಿವಿನ ಶಿಬಿರ ಬಂತು. ಆದರೆ ಅರ್ಜಿಯ ಆ ಒಂದು ಸಾಲು ಎಷ್ಟು ಆಳಕ್ಕೆ ಚುಚ್ಚುತ್ತದೆ ಎಂಬುದನ್ನು ಬಿಡದೆ ಹೇಳುತ್ತ ಬಂದವರು ಆ ತಾಯಂದಿರು ಮತ್ತು ಅವರ ಮಕ್ಕಳು. 2025ರ ಆಗಸ್ಟ್‌ನಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ವಿಧೇಯಕ, ಈ ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರು ಕೊಡಲೇಬೇಕೆಂಬ ಕಟ್ಟುಪಾಡನ್ನು ತೆಗೆಯಿತು. ರಾಜ್ಯದ ಹಿಂದಿನ ನಿಷೇಧ ಕಾಯ್ದೆ 1982ರದು. ನಡುವೆ ನಾಲ್ಕು ದಶಕ ಕಳೆದಿವೆ. ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ಆ ಸಾಲಿನ ಮುಂದೆ ತಲೆ ತಗ್ಗಿಸಿ ಬೆಳೆದು ದೊಡ್ಡವರಾದರು.

ನಮ್ಮ ತೀರ್ಮಾನ ಸ್ಪಷ್ಟ. ಯಾರ ಬಾಳು ಬದಲಾಗಬೇಕೋ ಅವರಿಗೆ ನಿರ್ಧಾರದಲ್ಲಿ ಮತ್ತು ಹಣದಲ್ಲಿ ಅಧಿಕಾರ ಕೊಡದ ಸೇವಾ ಸಂಸ್ಥೆಗೆ ಸಾಮಾಜಿಕ ಬದಲಾವಣೆಯ ಹೆಸರು ಹೇಳುವ ಹಕ್ಕಿಲ್ಲ. ಅದು ದಾನ ಮಾಡುತ್ತಿರಬಹುದು, ಪ್ರಾಮಾಣಿಕವಾಗಿಯೂ ಮಾಡುತ್ತಿರಬಹುದು. ಬದಲಾವಣೆ ಮಾತ್ರ ಅದರ ಕೈಯಲ್ಲಿ ಆಗುವುದಿಲ್ಲ.

ವರ್ಷವಿಡೀ ಊರೂರಿನಲ್ಲಿ ನಡೆಯುವ ಕಾರ್ಯಕ್ರಮಗಳನ್ನು ನೋಡಿ. ನಸುಕಿನಲ್ಲೇ ಎದ್ದು ಎರಡು ಬಸ್ಸು ಬದಲಿಸಿ ಬಂದ ಮಹಿಳೆಯೊಬ್ಬರ ಕೈಗೆ ಮೈಕ್ ಕೊಟ್ಟು, ‘ನಿಮ್ಮ ಕತೆ ಹೇಳಿ ಅಮ್ಮಾ’ ಎನ್ನುತ್ತಾರೆ. ಸಮಯ ಐದು ನಿಮಿಷ. ಒಡಹುಟ್ಟಿದವರಿಗೂ ಹೇಳದೆ ಬಚ್ಚಿಟ್ಟುಕೊಂಡದ್ದನ್ನು ಅವರು ಅಪರಿಚಿತರ ಮುಂದೆ ಬಿಚ್ಚಿಡುತ್ತಾರೆ. ಸಭೆ ಕಣ್ಣೊರೆಸಿಕೊಳ್ಳುತ್ತದೆ. ಶಾಲು ಹೊದಿಸುತ್ತಾರೆ, ಫೋಟೊ ತೆಗೆಯುತ್ತಾರೆ. ಮುಂದಿನ ವಾರ ಬೆಂಗಳೂರಿನ ಕಚೇರಿಯಲ್ಲಿ ಬರುವ ವರ್ಷದ ಬಜೆಟ್ ಸಭೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅದಕ್ಕೆ ಆ ತಾಯಿಗೆ ಕರೆ ಇಲ್ಲ. ಅವರ ಒಂದು ದಿನದ ಕೂಲಿ ಹೋಯಿತು, ಅದನ್ನು ಕೇಳುವವರೂ ಇಲ್ಲ. ವರದಿಯಲ್ಲಿ ಮಾತ್ರ ಇದು ‘ಸಮುದಾಯದ ಪಾಲ್ಗೊಳ್ಳುವಿಕೆ’ ಎಂದು ದಾಖಲಾಗುತ್ತದೆ. ಇನ್ನೊಬ್ಬರ ನೋವನ್ನು ತಮ್ಮ ಸಂಸ್ಥೆಯ ಬಂಡವಾಳ ಮಾಡಿಕೊಳ್ಳುವ ಈ ಅಭ್ಯಾಸ ನಿಲ್ಲಬೇಕು.

ಬೇರೆ ದಾರಿ ಇದೆ. ನಮ್ಮ ನೆಲದಲ್ಲೇ ಇದೆ. 1990ರ ದಶಕದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮೈರಾಡ ಸಂಸ್ಥೆ, ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಜೊತೆ ಸೇರಿ ದೇವದಾಸಿ ಮಹಿಳೆಯರ ನಡುವೆ ಕೆಲಸಕ್ಕಿಳಿಯಿತು. ಮೊದಲು ಕಟ್ಟಿದ್ದು ಸಂಘಗಳನ್ನು. ವಾರಕ್ಕೊಮ್ಮೆ ಚಾಪೆಯ ಮೇಲೆ ಸುತ್ತ ಕೂತು, ಉಳಿತಾಯದ ದುಡ್ಡನ್ನು ಎಲ್ಲರ ಕಣ್ಣೆದುರು ಎಣಿಸಿ, ಈ ಸಲ ಸಾಲ ಯಾರಿಗೆ, ಯಾಕೆ ಎಂದು ಜಗಳಾಡಿಯೇ ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುವುದು ಸಂಘದ ಕ್ರಮ. ಹೊರಗಿನವರಿಗೆ ಇದು ಚಿಲ್ಲರೆ ವ್ಯವಹಾರದಂತೆ ಕಂಡೀತು. ಆದರೆ ಹುಟ್ಟಿದಾಗಿನಿಂದ ಬೇರೆಯವರ ತೀರ್ಮಾನಕ್ಕೆ ತಲೆಬಾಗಿದವರು ತಾವೇ ತೀರ್ಮಾನ ಮಾಡಲು ಕಲಿಯುವುದು ಆ ಚಾಪೆಯ ಮೇಲೆಯೇ. 1997ರಲ್ಲಿ ಆ ಮಹಿಳೆಯರದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ‘ಮಾಸ್’, ಘಟಪ್ರಭಾದಲ್ಲಿ ರೂಪುಗೊಂಡಿತು. ಬಾಲ್ಯದಲ್ಲೇ ಎಲ್ಲಮ್ಮನಿಗೆ ಬಿಡಲ್ಪಟ್ಟ ಸೀತವ್ವ ಜೋಡಟ್ಟಿ ಆ ಸಂಸ್ಥೆಯ ಚುಕ್ಕಾಣಿ ಹಿಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ದೊಡ್ಡ ಸಂಗತಿ ಎಂದರೆ, ನೆರವು ನೀಡಲು ಬಂದ ಸಂಸ್ಥೆ ಹಿಂದೆ ಸರಿದು, ನೆರವು ಪಡೆದವರು ಮುಂದೆ ನಿಂತದ್ದು.

ಇದರಿಂದ ಆದ ಲಾಭ ಭಾವುಕತೆಯದಲ್ಲ, ಕೆಲಸದ್ದು. 1982ರ ಕಾಯ್ದೆ ಬಂದ ಮೇಲೆ, ಹುಡುಗಿಯರನ್ನು ದೇವಿಗೆ ಬಿಡಲು ಮುತ್ತು ಕಟ್ಟುವ ಪದ್ಧತಿ ಸವದತ್ತಿಯ ಎಲ್ಲಮ್ಮನ ಗುಡ್ಡದಿಂದ ಮನೆಯ ಒಳಗೆ, ಕತ್ತಲಿಗೆ, ಗಡಿಯಾಚೆಯ ಊರುಗಳಿಗೆ ಸರಿಯಿತು. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ನಿಂತ ಪೊಲೀಸರಿಗೆ ಅದು ಕಾಣುವುದಿಲ್ಲ. ಯಾವ ಮನೆಯಲ್ಲಿ ಕಾಯಿಲೆ ಬಿದ್ದಿದೆ, ಯಾವ ಅಜ್ಜಿ ಹರಕೆ ಹೊತ್ತಿದ್ದಾಳೆ, ಯಾವ ಹುಡುಗಿಯ ತಲೆಯಲ್ಲಿ ಜಡೆ ಕಟ್ಟಿದೆ ಎಂಬುದು ಅದೇ ಓಣಿಯಲ್ಲಿ ಬಾಳಿದವರಿಗೆ ಗೊತ್ತಾಗುತ್ತದೆ. ಕೂದಲು ಗಂಟುಗಟ್ಟಿದರೆ ದೇವಿ ಕರೆದಳು ಎಂದು ನಂಬುವ ಮನೆಗೆ ಅಧಿಕಾರಿ ಹೋಗಿ ಮೂಢನಂಬಿಕೆ ಎಂದು ಬೈದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದೇ ಜಡೆ ಹೊತ್ತು ಬಾಳು ಸವೆಸಿದವಳೊಬ್ಬಳು ಹೊಸ್ತಿಲ ಮೇಲೆ ಕೂತು, ‘ನನ್ನ ಬಾಳೇ ನೋಡವ್ವಾ, ಮಗಳ್ನ ಸಾಲಿಗಿ ಕಳಸು’ ಎಂದರೆ ಆ ಮನೆ ಕಿವಿಗೊಡುತ್ತದೆ. ಈ ಅರಿವು ಯಾವ ಪದವಿಯಿಂದಲೂ ಬರುವಂಥದ್ದಲ್ಲ. ಸಂಸ್ಥೆಗಳು ಇದನ್ನು ‘ಅನುಭವ’ ಎಂದು ಕರೆದು ಬದಿಗಿಡುತ್ತವೆ. ಇದು ಪರಿಣತಿ. ಪರಿಣತಿಗೆ ಸಲ್ಲುವ ಗೌರವ, ಸಂಬಳ, ಸ್ಥಾನ ಎಲ್ಲವೂ ಇದಕ್ಕೆ ಸಲ್ಲಬೇಕು.

ಇನ್ನೊಂದು ಉದಾಹರಣೆ ಕೋಲಾರದ ಚಿನ್ನದ ಗಣಿಯಿಂದ ಹೊರಟದ್ದು. ಅಲ್ಲಿನ ಸಫಾಯಿ ಕರ್ಮಚಾರಿ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತಮ್ಮಲ್ಲಿ ಮಲ ಹೊರುವ ಪದ್ಧತಿಯೇ ಇಲ್ಲ ಎಂದು ರಾಜ್ಯಗಳು ಹೇಳುತ್ತಿದ್ದಾಗ, ಒಣ ಶೌಚಾಲಯಗಳ ಫೋಟೊ ಮತ್ತು ವಿವರಗಳನ್ನು ನ್ಯಾಯಾಲಯದ ಮುಂದಿಟ್ಟದ್ದು ಈ ಆಂದೋಲನ. ಆ ಬುಟ್ಟಿ ಹೊತ್ತ ತಲೆಗಳಿಗಿಂತ ನಿಖರವಾದ ಗಣತಿದಾರರು ಬೇರೆ ಎಲ್ಲಿ ಸಿಗುತ್ತಾರೆ? 2013ರಲ್ಲಿ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರ ತೀರ್ಪಿನಲ್ಲಿ, 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತು.

ಇಷ್ಟೆಲ್ಲ ಕಣ್ಣೆದುರಿದ್ದರೂ ಹಣದ ಹರಿವು ಮಾತ್ರ ಹಳೆಯ ಕಾಲುವೆಯಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಎಂಬುದನ್ನು ಶಿಫಾರಸು ಮಾಡುವ ಸಮಿತಿಯಲ್ಲಿ ಇರುವವರು ಕಂಪನಿಯ ನಿರ್ದೇಶಕರು. 2021ರ ತಿದ್ದುಪಡಿ ದೊಡ್ಡ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಬೇಕು ಎಂದಿತು. ಯಾರಿಗಾಗಿ ಆ ಹಣವೋ ಅವರ ಒಪ್ಪಿಗೆ ಕೇಳಬೇಕು ಎಂಬ ಒಂದು ಸಾಲನ್ನು ಕಾಯ್ದೆಯೂ ಹೇಳಲಿಲ್ಲ, ತಿದ್ದುಪಡಿಯೂ ಹೇಳಲಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ತನ್ನ 17ನೇ ಕಲಂನಲ್ಲಿ ಸಾಮಾಜಿಕ ಪರಿಶೋಧನೆಯ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತ್ತು. ಸರ್ಕಾರದ ಹಣದ ಲೆಕ್ಕವನ್ನು ಕೂಲಿಕಾರರು ಕೇಳಬಹುದು ಎಂದಾದರೆ ಖಾಸಗಿ ದಾನದ ಲೆಕ್ಕವನ್ನು ಯಾಕೆ ಕೇಳಬಾರದು?

ಸಂಸ್ಥೆಗಳ ಆಕ್ಷೇಪಗಳು ನಮಗೆ ಗೊತ್ತು. ‘ಅವರಿಗೆ ಲೆಕ್ಕಪತ್ರ ತಿಳಿಯದು’ ಎನ್ನುತ್ತಾರೆ. ಸಾವಿರಾರು ಸ್ವಸಹಾಯ ಸಂಘಗಳ ನಡಾವಳಿ ಪುಸ್ತಕಗಳೇ ಅದಕ್ಕೆ ಉತ್ತರ. ‘ಸಮುದಾಯದಲ್ಲೂ ಬಲಿಷ್ಠರಿದ್ದಾರೆ, ಅವರೇ ಎಲ್ಲವನ್ನೂ ಬಳಸಿಕೊಳ್ಳುತ್ತಾರೆ’ ಎಂಬುದು ಗಂಭೀರವಾದ ಮಾತು, ನಿಜವೂ ಹೌದು. ಒಬ್ಬ ಮುಖಂಡೆಯನ್ನು ಹಿಡಿದು ತಂದು ಕೂರಿಸಿದರೆ ಇಡೀ ಓಣಿ ಬಂದಂತಾಗದು. ಅದಕ್ಕೆ ಮದ್ದು ಅಧಿಕಾರವನ್ನು ಕೊಡದಿರುವುದಲ್ಲ. ಅವರೇ ಆರಿಸಿ ಕಳಿಸಲಿ, ಅವಧಿ ಮುಗಿದ ಮೇಲೆ ಬದಲಾಗಲಿ, ಲೆಕ್ಕ ಎಲ್ಲರೆದುರು ಓದಲ್ಪಡಲಿ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಆಡಳಿತ ಮಂಡಳಿಯ ಅರ್ಧದಷ್ಟು ಸ್ಥಾನ ಆ ಬದುಕನ್ನು ಬಾಳಿದವರಿಗೆ ಮೀಸಲಾಗಬೇಕು. ಒಬ್ಬರನ್ನು ಮೂಲೆಯಲ್ಲಿ ಕೂರಿಸುವುದು ಸಾಲದು. ಎರಡನೆಯದು, ಯೋಜನೆ ಮಂಜೂರಾಗುವ ಮುನ್ನ ಅದರ ಬಜೆಟ್ ಆ ಊರಿನಲ್ಲಿ ಕನ್ನಡದಲ್ಲಿ ಓದಲ್ಪಡಬೇಕು, ‘ಇದು ನಮಗೆ ಬೇಡ’ ಎನ್ನುವ ಅಧಿಕಾರ ಕೇಳಿದವರಿಗೆ ಇರಬೇಕು. ಮೂರನೆಯದು, ಸಲಹೆಗಾರರಿಗೆ ದಿನದ ಲೆಕ್ಕದಲ್ಲಿ ಹಣ ಕೊಡುವ ಸಂಸ್ಥೆ, ಕೂಲಿ ಬಿಟ್ಟು ಬಂದು ಬುದ್ಧಿ ಹೇಳುವವರಿಗೂ ಕೊಡಬೇಕು. ನಾಲ್ಕನೆಯದು, ಒಬ್ಬರ ಕತೆ, ಅವರ ಮಗುವಿನ ಫೋಟೊ ಅವರದೇ ಸ್ವತ್ತು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯುವ ಹಕ್ಕು ಅವರಿಗೆ ಇರಬೇಕು. ಕೊನೆಯದು, ಯಾವ ವರ್ಷ ತಾನು ಹಿಂದೆ ಸರಿದು ಕೆಲಸವನ್ನು ಸಮುದಾಯಕ್ಕೆ ಒಪ್ಪಿಸುತ್ತೇನೆ ಎಂಬುದನ್ನು ಸಂಸ್ಥೆ ಮೊದಲ ದಿನವೇ ಬರೆದಿಡಬೇಕು. ಕಂಪನಿಗಳ ಹಣಕ್ಕೂ ಇದೇ ಷರತ್ತು ಅನ್ವಯವಾಗುವಂತೆ ಕೇಂದ್ರ ಸರ್ಕಾರ ನಿಯಮ ತಿದ್ದಬೇಕು.

ನಿಯಮ ತಿದ್ದುವವರೆಗೆ ದಾನಿಗಳು ಕಾಯಬೇಕಾಗಿಲ್ಲ. ಮುಂದಿನ ಸಲ ನಿಮ್ಮ ಕೈಗೆ ಯಾವುದಾದರೂ ಸಂಸ್ಥೆಯ ವಾರ್ಷಿಕ ವರದಿ ಬಂದಾಗ ಎರಡು ಪುಟ ತೆರೆದು ಅಕ್ಕಪಕ್ಕ ಇಡಿ. ಒಂದು ಮುಖಪುಟ, ಅಲ್ಲಿ ಯಾರ ಮುಖವಿದೆ ನೋಡಿ. ಇನ್ನೊಂದು ಆಡಳಿತ ಮಂಡಳಿಯ ಪಟ್ಟಿ. ಅಲ್ಲಿ ಯಾರ ಹೆಸರುಗಳಿವೆ ಓದಿ. ಮುಖಪುಟದ ಓಣಿಯಿಂದ ಒಬ್ಬರೂ ಆ ಪಟ್ಟಿಗೆ ಬಂದಿಲ್ಲವಾದರೆ ಚೆಕ್ಕಿಗೆ ಸಹಿ ಹಾಕಬೇಡಿ. ಯಾಕೆ ಬಂದಿಲ್ಲ ಎಂದು ಕಾಗದ ಬರೆದು ಕೇಳಿ, ಉತ್ತರ ಬಂದ ಮೇಲೆ ಯೋಚಿಸಿ.