ಬೇರಿಗೆ ಬಿದ್ದ ಕಳ್ಳ

ಸೋಯಾ ಎಣ್ಣೆಯಲ್ಲಿ ಹಪ್ಪಳ ಕರಿಯುವ ಮನೆಗಳು ಇಂದು ನಮ್ಮ ಪಟ್ಟಣಗಳಲ್ಲಿ ಕಡಮೆಯೇನಿಲ್ಲ. ಆದರೆ ಸೋಯಾ ಅವರೆಯನ್ನು ನೆಲದೊಳಗೇ ಸೂರೆಗೊಳ್ಳುವ ಜಂತುವೊಂದು ಉಂಟೆಂಬ ಸಂಗತಿ ವಾಚಕರಲ್ಲಿ ಬಹುಮಂದಿಗೆ ತಿಳಿದಿರಲಾರದು. ಅದರಲ್ಲಿ ಆಶ್ಚರ್ಯವಿಲ್ಲ, ಎಷ್ಟೋ ವೇಳೆ ಹೊಲದ ಯಜಮಾನನಿಗೇ ಅದರ ಸುಳಿವು ಹತ್ತುವುದಿಲ್ಲ. ಗಿಡವೇನೋ ಹಸುರಾಗಿಯೇ ನಿಂತಿರುತ್ತದೆ. ಒಕ್ಕಣೆ ಮುಗಿಸಿ ನೋಡಿದರೆ ನೂರು ಮೂಟೆಯಾಗಬೇಕಾದಲ್ಲಿ ಎಪ್ಪತ್ತು!

ಈ ಕಳ್ಳನ ಹೆಸರು ಸೋಯಾ ಕೋಶ ಜಂತುಹುಳು. ಜಪಾನಿನಲ್ಲಿ 1915ರಲ್ಲೇ ವರದಿಯಾಗಿದ್ದ ಇದು ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು 1954ರಲ್ಲಿ, ಉತ್ತರ ಕೆರೊಲಿನಾ ಸಂಸ್ಥಾನದಲ್ಲಿ. ಬರಿಗಣ್ಣಿಗೆ ಕಾಣದ ಮರಿಯು ಎಳೆಬೇರನ್ನು ಕೊರೆದು ಒಳಹೊಕ್ಕು, ಅಲ್ಲೇ ಬಿಡಾರ ಹೂಡಿ ಗಿಡದ ಸಾರವನ್ನು ಹೀರುತ್ತದೆ. ಹೆಣ್ಣುಹುಳು ಊದಿಕೊಂಡು, ಗುಂಡುಸೂಜಿಯ ತಲೆಗಿಂತ ಕಿರಿದಾದ ನಿಂಬೆಹಣ್ಣಿನಂತೆ ಬೇರಿನಿಂದ ಹೊರಚಾಚುತ್ತದೆ. ಅದು ಸತ್ತರೂ ಪೀಡೆ ಸಾಯದು. ಒಣಗಿ ಗಟ್ಟಿಯಾದ ಅದರ ಒಡಲೇ ನೂರಾರು ಮೊಟ್ಟೆಗಳಿಗೆ ಪೆಟ್ಟಿಗೆಯಾಗಿ ವರ್ಷಾನುವರ್ಷ ಮಣ್ಣಿನಲ್ಲಿ ಕಾದಿರುತ್ತದೆ.

ಇದನ್ನು ತಡೆದುಕೊಳ್ಳುವ ತಳಿಗಳಿಲ್ಲವೆ? ಇವೆ. ಆದರೆ ಅಮೆರಿಕದಲ್ಲಿ ಅವುಗಳ ಬಹುಪಾಲು ಪಿ.ಐ. 88788 ಎಂಬ, ಚೀನ ದೇಶದಿಂದ ತಂದ ಒಂದೇ ಮೂಲಕ್ಕೆ ಸೇರಿದವು. ದಶಕಗಟ್ಟಲೆ ಒಂದೇ ಬೀಗ ಜಡಿದರೆ ಕಳ್ಳನು ಕೀಲಿಕೈ ಮಾಡಿಸಿಕೊಳ್ಳದಿರುವನೆ? ಅನೇಕ ಹೊಲಗಳ ಹುಳುಗಳು ಈಗ ಆ ತಳಿಗಳ ಬೇರಿನ ಮೇಲೂ ಸಂಸಾರ ಹೂಡಿವೆ.

ಬೀಜೋಪಚಾರಕ್ಕೆ ಬೆಲೆ ಬಂದದ್ದು ಇಲ್ಲಿಯೇ. ಬಿತ್ತುವ ಮುನ್ನ ಬೀಜಕ್ಕೆ ಮದ್ದಿನ ತೆಳುವಾದ ಲೇಪ ಕೊಡುತ್ತಾರೆ, ಅಷ್ಟೇ. ಹೊಲಕ್ಕೆಲ್ಲ ವಿಷ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು. ಈ ಮದ್ದುಗಳಲ್ಲಿ ಅಬಾಮೆಕ್ಟಿನ್ನಿನ ಕಥೆ ಸ್ವಾರಸ್ಯವಾದುದು. ಜಪಾನಿನ ವಿಜ್ಞಾನಿ ಸತೋಶಿ ಒಮುರ ಅವರು ಗಾಲ್ಫ್ ಮೈದಾನವೊಂದರ ಬಳಿ ಸಂಗ್ರಹಿಸಿದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಅದು ದೊರೆಯಿತು. ಅದೇ ವಂಶದ ಐವರ್‌ಮೆಕ್ಟಿನ್ ಮನುಷ್ಯರ ಜಂತುರೋಗಗಳಿಗೂ ಔಷಧವಾಗಿ, 2015ರಲ್ಲಿ ಒಮುರ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ ನೊಬೆಲ್ ಪಾರಿತೋಷಕದ ಪಾಲನ್ನು ತಂದಿತು. ಫ್ಲುಯೊಪೈರಮ್ ಎಂಬುದು ಬೂಷ್ಟು ರೋಗಕ್ಕೂ ಆಗುವ ಮದ್ದು. ಪಾಶ್ಚೂರಿಯಾ ಎಂಬ ಬ್ಯಾಕ್ಟೀರಿಯವಾದರೋ ಹುಳುವಿನ ಮೈಗಂಟಿ, ಒಳನುಗ್ಗಿ, ಅದರಲ್ಲೇ ಬೆಳೆಯುತ್ತದೆ. ಕಳ್ಳನ ಮನೆಗೇ ಕನ್ನ!

ಆದರೆ ಜಾಹೀರಾತು ಓದಿ ಹಿಗ್ಗುವ ಮುನ್ನ ಒಂದು ಲೆಕ್ಕ ನೋಡಬೇಕು. ಲೇಪದ ಕಾವಲು ಮುಖ್ಯವಾಗಿ ಮೊದಲ ಕೆಲವು ವಾರಗಳದು, ಹಸುಗೂಸಿಗೆ ನಡೆಸುವ ಆರೈಕೆಯಂತೆ. ಬೇರು ಕಾವಲಿನ ಎಲ್ಲೆ ದಾಟಿ ದೂರ ಹರಡುತ್ತದೆ. ಹುಳುವಾದರೋ ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ನಾಲ್ಕು ವಾರಕ್ಕೊಂದು ತಲೆಮಾರು ಮುಗಿಸುತ್ತದೆ. ಹೊಲದ ಪ್ರಯೋಗಗಳಲ್ಲಿ ಫಲವು ಒಂದೇ ಸಮನಾಗಿ ಬಂದಿಲ್ಲ. ಒಂದೆಡೆ ಇಳುವರಿ ಏರಿದರೆ ಇನ್ನೊಂದೆಡೆ ಲೇಪದ ಖರ್ಚೂ ಹುಟ್ಟಿಲ್ಲ. ಆದ್ದರಿಂದ ಲೇಪವೊಂದನ್ನೇ ನೆಚ್ಚುವುದು ಜಾಣತನವಲ್ಲವೆಂದೇ ನನ್ನ ಎಣಿಕೆ. ಈ ಹುಳು ಮುಸುಕಿನ ಜೋಳದ ಬೇರಿನಲ್ಲಿ ಬದುಕಲಾರದು; ಒಂದು ವರ್ಷ ಜೋಳ ಬಿತ್ತಿದರೆ ಅದರ ಸಂಖ್ಯೆ ತಗ್ಗುತ್ತದೆ. ತಡೆಯುವ ತಳಿಯ ಮೂಲವನ್ನೂ ಆಗಾಗ ಬದಲಿಸಬೇಕು.

ಎಲ್ಲಕ್ಕೂ ಮೊದಲು, ಕಳ್ಳನು ಹೊಲದಲ್ಲಿರುವನೇ ಎಂದು ನೋಡಬೇಕಷ್ಟೆ. ಬಿತ್ತಿದ ಆರು ವಾರಕ್ಕೆ ಗಿಡವನ್ನು ಗುದ್ದಲಿಯಿಂದ ಮೆಲ್ಲಗೆ ಅಗೆದು ಬೇರನ್ನು ಪರೀಕ್ಷಿಸುತ್ತಾರೆ. ದೊಡ್ಡ ಗಂಟುಗಳು ಸಾರಜನಕ ಒದಗಿಸುವ ನೆಂಟರು. ಬಿಳಿಯ ಕಿರುಮಣಿಗಳೇ ಹುಳುಗಳು. ಅವಸರದಿಂದ ಗಿಡವನ್ನು ಕಿತ್ತರೆ ಆ ಮಣಿಗಳು ಉದುರಿ ಮಣ್ಣಿನಲ್ಲೇ ಉಳಿಯುತ್ತವೆ. ಕೈಗೆ ಬರುವುದು ಬರಿಯ ಬೇರು.