ಕಪ್ಪತಗುಡ್ಡದ ಹುಲ್ಲು

ಗದಗ ಸೀಮೆಯ ಕಪ್ಪತಗುಡ್ಡವನ್ನು ಔಷಧಿ ಸಸ್ಯಗಳ ಭಂಡಾರವೆಂದು ನಾವೆಲ್ಲರೂ ಕೊಂಡಾಡುತ್ತೇವೆ. ಆದರೆ ಅಲ್ಲಿಯ ಹುಲ್ಲನ್ನು ನಿಷ್ಪ್ರಯೋಜಕವೆಂದೇ ಬಗೆದಿದ್ದೇವೆ. ತೋಳ, ಕತ್ತೆಕಿರುಬಗಳಿಗೆ ಆ ಹುಲ್ಲು, ಕುರುಚಲು ಪೊದೆಗಳೇ ಆಸರೆ.

2016ರಲ್ಲಿ ಸರಕಾರವು ಗುಡ್ಡದ ಸಂರಕ್ಷಿತ ಸ್ಥಾನಮಾನವನ್ನು ಹಿಂತೆಗೆದುಕೊಂಡಾಗ, ಗಣಿಗಾರಿಕೆಯ ಭಯದಿಂದ ಜನರೆದ್ದರು. ಗದುಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳವರು ಮುಂದೆ ನಿಂತರು. 2017ರಲ್ಲಿ ಆ ಸ್ಥಾನಮಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಪೂಜ್ಯರು 2018ರಲ್ಲಿಯೇ ಲಿಂಗೈಕ್ಯರಾಗಿದ್ದರು.

ಗಣಿಯನ್ನು ವಿರೋಧಿಸಿದ ನಾವು ಬೇಸಿಗೆಯ ಬೆಂಕಿಯ ವಿಷಯದಲ್ಲಿ ಮಾತ್ರ ಮೌನಿಗಳು. ಹೊಸ ಹುಲ್ಲು ಚಿಗುರಲೆಂದು ಕಡ್ಡಿ ಗೀರುವವರೂ, ಆರದ ಬೀಡಿಯನ್ನು ಎಸೆಯುವವರೂ ಹೊರಗಿನವರೇನಲ್ಲ. ಆ ಉರಿಯಲ್ಲಿ ನೆಲಗೂಡಿನ ಮೊಟ್ಟೆಗಳೂ, ಮಳೆಗೆ ಕಾದಿದ್ದ ಬೀಜಗಳೂ ಸುಟ್ಟುಹೋಗುತ್ತವೆ. ಕಪ್ಪತಮಲ್ಲೇಶ್ವರನ ದರ್ಶನಕ್ಕೆ ಬೇಸಿಗೆಯಲ್ಲಿ ಹೋಗುವ ಭಕ್ತರು ಕಡ್ಡಿಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕೆಂದು ನಮ್ಮ ವಿನಂತಿ.